ಬ್ರೌಸರ್ ಬದಲಾದರೆ ದಂಡ ತೆರಬೇಕಾದವರು ಯಾರು?

ವ್ಯಾಪಾರ, ಉದ್ದಿಮೆಗಳಿಗೆ ಸಂಬಂಧಿಸಿದ ಬಹುತೇಕ ಎಲ್ಲ ವಿವರಪಟ್ಟಿಗಳೂ ಇಂದು ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತಿವೆ ಎಂಬುದು ವರ್ತಕ ಬಂಧುಗಳಿಗೆ ತಿಳಿಯದ ಸಂಗತಿಯಲ್ಲ. ಕೇಂದ್ರ ಸರ್ಕಾರದ ಎಂಸಿಎ-21 ಯೋಜನೆಯು 2006ರಲ್ಲಿ ಆರಂಭವಾದಂದಿನಿಂದ ಡಿಜಿಟಲ್ ಸಹಿಯ ಟೋಕನ್ ಕಂಪನಿಗಳ ಪಾಲಿಗೆ ಮೊಹರಿನಷ್ಟೇ ಅವಶ್ಯವಾದ ವಸ್ತುವಾಗಿದೆ. ಆದರೆ ಟೋಕನ್ನಿನೊಳಗಿನ ಸಹಿಯು ಜಾಲತಾಣವನ್ನು ತಲುಪುವ ದಾರಿ ಯಾವುದು, ಆ ದಾರಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಯಾರದು ಎಂಬ ಬಗ್ಗೆ ನಾವು ಆಲೋಚಿಸಿದ್ದು ಕಡಿಮೆ. ಆ ದಾರಿ ಮುಚ್ಚಿದಾಗಲೆಲ್ಲ ಅದರ ವೆಚ್ಚವನ್ನು ಭರಿಸಿದವರು ಮಾತ್ರ ನಾವೇ.

ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಗಣಕಯಂತ್ರಕ್ಕೆ ಜೋಡಿಸಿದ ಟೋಕನ್ನನ್ನು ಬ್ರೌಸರ್ ತಾನಾಗಿ ಓದಲಾರದು. ಆದುದರಿಂದ ಜಾವಾ ಆಪ್ಲೆಟ್, ಆಕ್ಟಿವ್‌ಎಕ್ಸ್ ಮೊದಲಾದ ಪ್ಲಗ್-ಇನ್‌ಗಳನ್ನು ಮಧ್ಯವರ್ತಿಗಳಂತೆ ಬಳಸಲಾಗುತ್ತಿತ್ತು. ಈ ವ್ಯವಸ್ಥೆಯ ಮೂಲ 1995ರ ನೆಟ್‌ಸ್ಕೇಪ್ ಬ್ರೌಸರಿನಷ್ಟು ಹಳೆಯದು. ಹೀಗೆ ಒಳಬಂದ ಪ್ಲಗ್-ಇನ್‌ಗೆ ಗಣಕಯಂತ್ರದಲ್ಲಿ ಮಾಲೀಕನಿಗಿರುವ ಅಧಿಕಾರವೆಲ್ಲ ದೊರೆಯುತ್ತಿತ್ತು. ಅದರಲ್ಲೊಂದು ಲೋಪವಿದ್ದರೆ ಕಳ್ಳನಿಗೆ ಗಲ್ಲಾಪೆಟ್ಟಿಗೆಯ ಕೀಲಿಯನ್ನೇ ಕೊಟ್ಟಂತೆ. ಮೇಲಾಗಿ ಮೊಬೈಲ್ ಬ್ರೌಸರ್‌ಗಳಲ್ಲಿ ಇವಕ್ಕೆ ಅವಕಾಶವೇ ಇರಲಿಲ್ಲವೆನ್ನಬಹುದು. ಈ ಕಾರಣಗಳಿಂದ ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಹಳೆಯ ಪ್ಲಗ್-ಇನ್ ವ್ಯವಸ್ಥೆಯನ್ನು ಸಂಪೂರ್ಣ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಹೊರತು ಉಳಿದವನ್ನು ತೆಗೆದುಹಾಕಿತು. ಫ್ಲ್ಯಾಶ್‌ನ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು. ಆಕ್ಟಿವ್‌ಎಕ್ಸ್‌ಗೆ ಆಶ್ರಯವಾಗಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು.

ಈ ನಿರ್ಧಾರಗಳು ತಪ್ಪೆಂದು ನಾನು ಹೇಳಲಾರೆ. ಸುರಕ್ಷತೆಯ ದೃಷ್ಟಿಯಿಂದ ಅವು ಅನಿವಾರ್ಯವಾಗಿದ್ದವು. ಅವು ಹಠಾತ್ತನೆ ಬಂದವೂ ಅಲ್ಲ. ಫ್ಲ್ಯಾಶ್ ನಿಲ್ಲುವುದೆಂದು ಅಡೋಬಿ ಸಂಸ್ಥೆ 2017ರ ಜುಲೈನಲ್ಲಿಯೇ, ಅಂದರೆ ಮೂರು ವರ್ಷಗಳಿಗೂ ಮುಂಚಿತವಾಗಿ ಪ್ರಕಟಿಸಿತ್ತು. ಆದರೂ ದಕ್ಷಿಣ ಆಫ್ರಿಕಾದ ಕಂದಾಯ ಇಲಾಖೆಯು ತನ್ನ ಕೆಲವು ತೆರಿಗೆ ನಮೂನೆಗಳನ್ನು ಸಕಾಲದಲ್ಲಿ ಬದಲಾಯಿಸಲಿಲ್ಲ. ಕೊನೆಗೆ 2021ರ ಜನವರಿಯಲ್ಲಿ ಆ ನಮೂನೆಗಳಿಗಾಗಿ ತನ್ನದೇ ಬ್ರೌಸರನ್ನು ಹೊರತರಬೇಕಾಯಿತು. ದಕ್ಷಿಣ ಕೊರಿಯಾದಲ್ಲಿ 1999ರ ಸುಮಾರಿಗೆ ರೂಪುಗೊಂಡ ವಿದ್ಯುನ್ಮಾನ ಸಹಿಯ ಪದ್ಧತಿಯು ಆಕ್ಟಿವ್‌ಎಕ್ಸ್‌ಗೆ ಅಂಟಿಕೊಂಡದ್ದರಿಂದ ಬ್ಯಾಂಕು, ವ್ಯಾಪಾರಗಳೆಲ್ಲ ಒಂದೇ ಬ್ರೌಸರಿಗೆ ಕಟ್ಟುಬಿದ್ದವು. ಅಧಿಕೃತ ಪ್ರಮಾಣಪತ್ರಕ್ಕಿದ್ದ ವಿಶೇಷ ಸ್ಥಾನವನ್ನು ಕಾನೂನಿನ ತಿದ್ದುಪಡಿಯಿಂದ ತೆಗೆದುಹಾಕುವ ವೇಳೆಗೆ 2020ರ ಡಿಸೆಂಬರ್ ಬಂದಿತ್ತು. ಬ್ರೌಸರ್ ತಯಾರಕರ ಗಡುವು ಎಲ್ಲರಿಗೂ ತಿಳಿದಿದ್ದರೂ ಇಲಾಖೆಗಳ ಸಿದ್ಧತೆ ಹಿಂದುಳಿಯುತ್ತದೆ ಎಂಬುದಕ್ಕೆ ಇವು ನಿದರ್ಶನಗಳು.

ನಮ್ಮ ದೇಶದಲ್ಲಿ ಏನಾಯಿತು? ಜಾವಾ ಆಪ್ಲೆಟ್‌ಗಳ ಸ್ಥಾನದಲ್ಲಿ, ಗಣಕಯಂತ್ರದಲ್ಲಿಯೇ ಪ್ರತ್ಯೇಕವಾಗಿ ಸ್ಥಾಪಿಸಬೇಕಾದ ಸಹಿ ತಂತ್ರಾಂಶಗಳು ಬಂದವು. ಜಿಎಸ್‌ಟಿ ಜಾಲತಾಣದಲ್ಲಿ ಬಳಸುವ ಎಮ್‌ಸೈನರ್ ನಮ್ಮ ಬೆಂಗಳೂರಿನ ಇ-ಮುದ್ರಾ ಸಂಸ್ಥೆಯದೇ. ತಾಂತ್ರಿಕವಾಗಿ ಇದು ಮೊದಲಿಗಿಂತ ಸರಿಯಾದ ಮಾರ್ಗ. ಆದರೆ ಪರಿವರ್ತನೆಯ ವರ್ಷಗಳಲ್ಲಿ ಒಂದು ಇಲಾಖೆಯ ಜಾಲತಾಣ ಹೊಸ ಬ್ರೌಸರನ್ನು, ಇನ್ನೊಂದು ಹಳೆಯ ಬ್ರೌಸರನ್ನು, ಮತ್ತೊಂದು ಜಾವಾದ ನಿರ್ದಿಷ್ಟ ಆವೃತ್ತಿಯನ್ನೇ ಅಪೇಕ್ಷಿಸುತ್ತಿದ್ದುದರಿಂದ ಅನೇಕ ಸಣ್ಣ ಸಂಸ್ಥೆಗಳು ಒಂದು ಹಳೆಯ ಗಣಕಯಂತ್ರವನ್ನು ಸಹಿಗೆಂದೇ ಉಳಿಸಿಕೊಂಡವು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದ್ದರೂ ಅಂತಹ ಯಂತ್ರಗಳು ಮುಂದುವರಿದವು. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನೂ ನಡೆಸುವುದು ಎಂತಹ ಅಪಾಯವೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಹಣದ ಪ್ರಶ್ನೆಯೂ ಇದೆ. ಕಂಪನಿಗಳ ವಾರ್ಷಿಕ ನಮೂನೆಗಳು ತಡವಾದರೆ ನಮೂನೆಯೊಂದಕ್ಕೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ವಿಧಿಸುವ ನಿಯಮ 2018ರ ಜುಲೈನಲ್ಲಿ ಜಾರಿಗೆ ಬಂತು. ಅದಕ್ಕೆ ಮೇಲ್ಮಿತಿಯನ್ನೂ ಇಡಲಿಲ್ಲ. ಕೋಟಿಗಟ್ಟಲೆ ವಹಿವಾಟಿನ ಕಂಪನಿಗೂ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ನಡೆಯುವ ಕಂಪನಿಗೂ ದರ ಒಂದೇ. ಜಾಲತಾಣದ ತೊಡಕು ಸರ್ವರಿಗೂ ತಟ್ಟಿದಾಗ ಗಡುವು ವಿಸ್ತರಣೆಯಾಗುತ್ತದೆ. 2021ರ ಜೂನ್‌ನಲ್ಲಿ ಆರಂಭವಾದ ಹೊಸ ಆದಾಯ ತೆರಿಗೆ ಜಾಲತಾಣದ ವಿಷಯದಲ್ಲಿ ಹಾಗೆಯೇ ಆಯಿತು. ಆದರೆ ತೊಡಕು ಕೆಲವರಿಗೆ ಮಾತ್ರ, ಅವರವರ ಯಂತ್ರ ಹಾಗೂ ಬ್ರೌಸರಿಗೆ ತಕ್ಕಂತೆ ತಟ್ಟಿದಾಗ ಅದನ್ನು ಸಾಬೀತುಪಡಿಸುವ ಬಗೆ ಹೇಗೆ? ಅಂತಹವರ ತಡ ಅವರ ಅಲಕ್ಷ್ಯವೆಂದೇ ಪರಿಗಣಿತವಾಗುತ್ತದೆ.

ಕಾಲಕ್ಕೆ ತಕ್ಕಂತೆ ವರ್ತಕರೂ ಬದಲಾಗಬೇಕಲ್ಲವೇ ಎಂದು ಕೆಲವರು ಕೇಳಬಹುದು. ಒಪ್ಪತಕ್ಕ ಮಾತೇ. ಗಣಕಯಂತ್ರವನ್ನೂ ಬ್ರೌಸರನ್ನೂ ಹೊಸದಾಗಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಯಾವ ತಂತ್ರಜ್ಞಾನದ ಮೂಲಕ ಸಹಿ ಸಲ್ಲಿಸಬೇಕೆಂಬ ಆಯ್ಕೆ ನಮ್ಮ ಕೈಯಲ್ಲಿಲ್ಲ. ಆಯ್ಕೆ ಯಾರದೋ ಹೊಣೆಯೂ ಅವರದೇ ಆಗಬೇಕೆಂಬುದು ನ್ಯಾಯ.

ಆದಕಾರಣ ನಮ್ಮ ವಾಣಿಜ್ಯ ಮಂಡಳಿಯು ಮೂರು ಬೇಡಿಕೆಗಳನ್ನು ಸರ್ಕಾರದ ಮುಂದಿಡಬೇಕೆಂದು ನನ್ನ ಅಭಿಪ್ರಾಯ. ಒಂದು, ಸಹಿಯ ವಿಧಾನವನ್ನು ಬದಲಿಸುವ ಮುನ್ನ ಕನಿಷ್ಠ ಆರು ತಿಂಗಳ ಸೂಚನೆ ನೀಡಿ, ಆ ಅವಧಿಯಲ್ಲಿ ಹಳೆಯ, ಹೊಸ ವಿಧಾನಗಳೆರಡನ್ನೂ ಚಾಲ್ತಿಯಲ್ಲಿಡಬೇಕು. ಎರಡು, ಟೋಕನ್ ವಿಫಲವಾದಾಗ ಮೊಬೈಲ್ ಸಂಖ್ಯೆಗೆ ಬರುವ ಓಟಿಪಿಯಂತಹ ಪರ್ಯಾಯ ಮಾರ್ಗ ಕಂಪನಿಗಳಿಗೂ ದೊರೆಯಬೇಕು. ಜಿಎಸ್‌ಟಿಯಲ್ಲಿ ಮಾಲೀಕತ್ವದ ಸಂಸ್ಥೆಗಳಿಗೆ ಈ ಸೌಲಭ್ಯ ಇದೆ. ಕೋವಿಡ್ ಕಾಲದಲ್ಲಿ ಕಂಪನಿಗಳಿಗೂ ತಾತ್ಕಾಲಿಕವಾಗಿ ನೀಡಲಾಗಿತ್ತು. ಆಗ ಸಾಧ್ಯವಾದುದು ಈಗ ಅಸಾಧ್ಯವೇನಲ್ಲ. ಮೂರು, ಗಡುವಿನೊಳಗೆ ಸಲ್ಲಿಸಲು ಯತ್ನಿಸಿ ವಿಫಲವಾದ ದಾಖಲೆ ಜಾಲತಾಣದಲ್ಲಿಯೇ ತಾನಾಗಿ ಉಳಿದು, ಅದರ ಆಧಾರದ ಮೇಲೆ ವಿಳಂಬ ಶುಲ್ಕ ಮನ್ನಾ ಆಗಬೇಕು.

ನಮ್ಮ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. ಕಾರ್ಖಾನೆಯ ಸಿಸಿಟಿವಿ ರೆಕಾರ್ಡರ್‌ಗಳಲ್ಲಿ ಎಷ್ಟೋ ಮಾದರಿಗಳು ಆಕ್ಟಿವ್‌ಎಕ್ಸ್ ಇಲ್ಲದೆ ಬ್ರೌಸರಿನಲ್ಲಿ ಚಿತ್ರ ತೋರಿಸುತ್ತಿರಲಿಲ್ಲ. ದಾಸ್ತಾನು, ಬಿಲ್ಲಿಂಗ್ ತಂತ್ರಾಂಶಗಳಲ್ಲೂ ಇಂತಹ ಅವಲಂಬನೆ ಅಡಗಿರುವುದುಂಟು. ಇದು ಜಮಾಖರ್ಚಿನ ತಃಖ್ತೆಯಲ್ಲಿ ಕಾಣದ ಹೊಣೆಗಾರಿಕೆ. ಖರೀದಿಯ ಮುನ್ನ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ: ಹೆಚ್ಚುವರಿ ಪ್ಲಗ್-ಇನ್ ಇಲ್ಲದೆ ಇದು ನಡೆಯುವುದೇ? ಬ್ರೌಸರ್ ಬದಲಾದರೆ ಸರಿಪಡಿಸುವ ಖರ್ಚು ಯಾರದು? ಹಾಗೆಯೇ ಸಹಿ ತಂತ್ರಾಂಶವನ್ನೂ ಟೋಕನ್ನಿನ ಅವಧಿಯನ್ನೂ ಗಡುವಿಗೆ ಹದಿನೈದು ದಿನ ಮೊದಲೇ ಪರೀಕ್ಷಿಸುವುದು ಒಳಿತು. ಹಳೆಯ ಯಂತ್ರವನ್ನು ಉಳಿಸಿಕೊಳ್ಳಲೇಬೇಕಾಗಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಬ್ರೌಸರ್‌ಗಳು ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಮುಂದಿನ ಬದಲಾವಣೆಗೆ ಮುನ್ನವೇ ಈ ಬೇಡಿಕೆಗಳು ಸಂಬಂಧಪಟ್ಟ ಸಚಿವಾಲಯಗಳನ್ನು ತಲುಪಬೇಕು. ಸದಸ್ಯರು ತಮಗಾದ ತೊಂದರೆಗಳನ್ನು ದಿನಾಂಕ ಹಾಗೂ ಪುರಾವೆ ಸಹಿತ ಮಂಡಳಿಯ ಕಚೇರಿಗೆ ಬರೆದು ತಿಳಿಸಿದರೆ ನಮ್ಮ ಮನವಿಗೆ ಬಲ ಬರುವುದರಲ್ಲಿ ಸಂದೇಹವಿಲ್ಲ.