ಬಾಲಚರರೂ ಊರ ನಾಯಕರೂ

ಮಕ್ಕಳನ್ನು ಯಾವುದಾದರೊಂದು ಸಂಘಕ್ಕೆ ಸೇರಿಸುವಾಗ ಗೃಹಸ್ಥರು ಮೊದಲು ವಿಚಾರಿಸತಕ್ಕುದು ಆ ಸಂಘದ ಮುಖ್ಯ ಕಚೇರಿಯು ಎಲ್ಲಿದೆಯೆಂಬುದನ್ನಲ್ಲ. ವಾರಕ್ಕೊಮ್ಮೆ ನಮ್ಮ ಮಗುವಿನ ಎದುರಿಗೆ ನಿಂತು ಕಲಿಸುವವರು ಯಾರೆಂಬುದನ್ನು. ಸ್ಕೌಟ್ ಎಂದರೆ ಬಾಲಚರ ಸಂಸ್ಥೆಯ ಚರಿತ್ರೆಯನ್ನು ಬಲ್ಲವರಿಗೆ ಈ ಮಾತಿನ ಸತ್ಯವು ಚೆನ್ನಾಗಿ ಹೊಳೆಯುವುದು.

ಬೇಡನ್ ಪೋವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರವನ್ನು ನಡೆಯಿಸಿದುದು ೧೯೦೭ರಲ್ಲಿ. ಎರಡೇ ವರ್ಷಗಳಲ್ಲಿ, ೧೯೦೯ರಲ್ಲಿ, ಕ್ಯಾಪ್ಟನ್ ಬೇಕರರು ಬೆಂಗಳೂರಿನಲ್ಲಿ ಭಾರತದ ಮೊದಲ ದಳವನ್ನು ಕಟ್ಟಿದರು. ಆದರೆ ಆಗ ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರವೇ ಮೀಸಲು. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿದ್ದುದರಿಂದ ಆನಿ ಬೆಸೆಂಟ್ ಅಮ್ಮನವರು ೧೯೧೬ರಲ್ಲಿ ಮದರಾಸಿನಲ್ಲಿ ಬೇರೆಯೇ ಒಂದು ಸಂಘವನ್ನು ಸ್ಥಾಪಿಸಿದರು. ಅನಂತರ ಪಂಡಿತ ಮದನಮೋಹನ ಮಾಳವೀಯರು, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿಯವರು ಅಲಹಾಬಾದಿನಲ್ಲಿ ಸೇವಾ ಸಮಿತಿಯ ದಳಗಳನ್ನು ಬೆಳೆಯಿಸಿದರು. ೧೯೩೮ರಲ್ಲಿ ಹಿಂದೂಸ್ಥಾನ ಸ್ಕೌಟ್ ಸಂಘವು ಹುಟ್ಟಿತು. ಹೀಗೆ ಒಂದೇ ಧ್ಯೇಯ, ಒಂದೇ ಬಗೆಯ ಗಂಟು, ಒಂದೇ ಬಗೆಯ ಎಡಗೈ ಕುಲುಕು. ಸಂಘಗಳು ಮಾತ್ರ ಬೇರೆ ಬೇರೆ. ಸ್ವಾತಂತ್ರ್ಯಾನಂತರ ಹಿರಿಯರು ಕುಳಿತು ಮಾತನಾಡಿ, ೧೯೫೦ನೆಯ ನವೆಂಬರ್ ೭ರಂದು ಇವುಗಳನ್ನು ಒಂದುಗೂಡಿಸಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯನ್ನು ಮಾಡಿದರು. ೧೯೫೧ನೆಯ ಆಗಸ್ಟ್ ೧೫ರಂದು ಬಾಲಿಕೆಯರ ಗೈಡ್ ಸಂಘವೂ ಅದರಲ್ಲಿ ಸೇರಿತು.

ಈ ಕಾಲವು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಗೆ ಎಂತಹುದಾಗಿತ್ತೆಂಬುದನ್ನು ವಾಚಕರು ನೆನೆಯಬೇಕು. ೧೯೪೮ನೆಯ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆಯು ಕೊನೆಗಂಡಿತು. ೧೯೫೬ನೆಯ ನವೆಂಬರ್ ೧ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಆ ಜಿಲ್ಲೆಯ ತಾಂಡೂರು, ಕೊಡಂಗಲ್ಲು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ನೆಂಟಸ್ತಿಕೆಯೂ ಸಂತೆಯೂ ಒಂದಾಗಿದ್ದ ನೆರೆಯೂರುಗಳು ಎರಡು ರಾಜ್ಯಗಳ ಪಾಲಾದುವು. ಹೀಗೆ ಎಂಟೇ ವರ್ಷಗಳಲ್ಲಿ ಇಲ್ಲಿಯ ಉಪಾಧ್ಯಾಯರೊಬ್ಬರು ತಾವು ಕುಳಿತ ಜಾಗದಿಂದ ಏಳದೆಯೇ ಸರಕಾರವು ಬದಲಾದುದನ್ನೂ ರಾಜ್ಯವು ಬದಲಾದುದನ್ನೂ ಬಾಲಚರರ ರಾಷ್ಟ್ರಸಂಸ್ಥೆಯು ಬದಲಾದುದನ್ನೂ ಕಾಣಬಹುದಾಗಿತ್ತು. ಆದರೆ ಅವರ ಮುಂದೆ ನಿಂತ ಹುಡುಗನಿಗೆ ಹಗ್ಗದ ಗಂಟು ಬದಲಾಗಲಿಲ್ಲ. ದೇವರಿಗೂ ದೇಶಕ್ಕೂ ಕರ್ತವ್ಯವನ್ನು ಸಲ್ಲಿಸುವೆನು, ಪರರಿಗೆ ನೆರವಾಗುವೆನು ಎಂಬ ಪ್ರತಿಜ್ಞೆಯ ತಿರುಳೂ ಬದಲಾಗಲಿಲ್ಲ.

ಇದು ಹಳೆಯ ಕಥೆಯೆಂದು ಯಾರೂ ತಿಳಿಯಬಾರದು. ಈ ಸಂಸ್ಥೆಯಲ್ಲಿ ರೈಲ್ವೆ ವಲಯಗಳಿಗೆ ರಾಜ್ಯಗಳಂತೆಯೇ ಪ್ರತ್ಯೇಕ ಘಟಕಗಳುಂಟು. ವಾಡಿಯು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದ ಜಂಕ್ಷನ್. ಅಲ್ಲಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೋಗುವ ಹಳಿಯು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದುದು. ಊರ ಶಾಲೆಗಳ ದಳಗಳಾದರೋ ಕರ್ನಾಟಕ ರಾಜ್ಯ ಸಂಸ್ಥೆಗೆ ಒಳಪಟ್ಟುವು. ರೈಲ್ವೆ ನೌಕರನೊಬ್ಬನಿಗೆ ವರ್ಗವಾಯಿತೆನ್ನೋಣ. ಅವನ ಮಗನು ಪ್ರಥಮ ಸೋಪಾನವನ್ನು ಮುಗಿಸಿ ದ್ವಿತೀಯ ಸೋಪಾನದಲ್ಲಿ ಅರ್ಧ ದಾರಿಯನ್ನು ನಡೆದಿರುವನು. ಹೊಸ ಊರಿನ ನಾಯಕರು, ನಿನ್ನ ಹೆಸರು ನಮ್ಮ ದಾಖಲೆಯಲ್ಲಿಲ್ಲ, ಮೊದಲಿನಿಂದ ಬಾ ಎಂದರೆ ಆ ಹುಡುಗನು ಕೊರಳ ಸ್ಕಾರ್ಫನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟುಬಿಡುವನು. ಮತ್ತೆ ತೆಗೆಯುವನೆಂಬ ಭರವಸೆಯು ನಮಗಿಲ್ಲ. ಹಳೆಯ ನಾಯಕರು ಒಂದು ಪತ್ರವನ್ನು ಬರೆದುಕೊಟ್ಟು, ಹೊಸ ನಾಯಕರು ಒಂದು ಸಂಜೆ ಅವನ ಕೆಲಸವನ್ನು ನೋಡಿ ಪಂಗಡದಲ್ಲಿ ನಿಲ್ಲಿಸಿಕೊಂಡರೆ ಆ ಬಾಲಕನು ಉಳಿಯುವನು. ಒಂದು ಮಗುವಿನ ಉತ್ಸಾಹವು ಉಳಿಯುವುದೂ ಅಳಿಯುವುದೂ ಇಷ್ಟು ಸಣ್ಣ ಉಪಕಾರದ ಮೇಲೆ ನಿಂತಿದೆ.

ಒಗ್ಗಟ್ಟೆಂದರೆ ನಿಯಮಗಳನ್ನು ಗಾಳಿಗೆ ತೂರುವುದೆಂದು ನಾವು ಹೇಳುವುದಿಲ್ಲ. ತಂದೆತಾಯಿಗಳ ಲಿಖಿತ ಒಪ್ಪಿಗೆ, ಬಾಲಿಕೆಯರ ಶಿಬಿರದಲ್ಲಿ ಮಹಿಳಾ ನಾಯಕಿಯರ ಸನ್ನಿಧಿ, ಸಂಗ್ರಹಿಸಿದ ಹಣದ ಸರಿಯಾದ ಲೆಕ್ಕ, ಇವುಗಳಲ್ಲಿ ಸಡಿಲಿಕೆಯು ಎಂದಿಗೂ ಸಲ್ಲದು. ಆದರೆ ಒಂದು ದಳದಲ್ಲಿರುವ ಡೇರೆಯನ್ನು ಮತ್ತೊಂದು ದಳಕ್ಕೆ ಎರವು ಕೊಡುವುದಕ್ಕೆ, ಪ್ರಥಮ ಚಿಕಿತ್ಸೆಯನ್ನು ಬಲ್ಲ ಒಬ್ಬರು ಎರಡೂರ ಮಕ್ಕಳಿಗೆ ಕಲಿಸುವುದಕ್ಕೆ, ಶಹಾಬಾದಿನವರೂ ಚಿತ್ತಾಪುರದವರೂ ಕೂಡಿ ಒಂದೇ ಶಿಬಿರಾಗ್ನಿಯ ಸುತ್ತ ಕುಳಿತುಕೊಳ್ಳುವುದಕ್ಕೆ ಯಾವ ನಿಯಮವು ಅಡ್ಡಬರುವುದು? ಅಡ್ಡಬರುವುದು ನನ್ನ ದಳ, ನಿನ್ನ ದಳ ಎಂಬ ಅಭಿಮಾನವೇ. ಮಳೆಗಾಲದಲ್ಲಿ ಕಾಗಿಣೆಯು ಉಕ್ಕಿ ಮಳಖೇಡದ ಸೇತುವೆಯ ಮೇಲೆ ನೀರು ಹರಿಯುವಾಗ, ದಡದಲ್ಲಿ ನಿಂತ ಮುದುಕಿಗೆ ಬೇಕಾದುದು ಕೈಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗುವ ಹುಡುಗನೊಬ್ಬನು. ಅವನ ಹೆಸರು ಯಾವ ಕಚೇರಿಯ ಪುಸ್ತಕದಲ್ಲಿದೆಯೆಂದು ಆಕೆಯು ಕೇಳುವುದಿಲ್ಲ.

ಈ ಸೀಮೆಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತುಗಳನ್ನಾಡುವ ಮನೆಗಳು ಒಂದೇ ಬೀದಿಯಲ್ಲಿರುವುವು. ಆರೆಂಟು ಮಕ್ಕಳ ಒಂದು ಪಂಗಡದಲ್ಲಿ ಈ ನಾಲ್ಕೂ ಮನೆಗಳ ಮಕ್ಕಳು ಕೂಡಿ ಒಂದೇ ಪಾತ್ರೆಯಲ್ಲಿ ಅನ್ನವನ್ನು ಬೇಯಿಸಿಕೊಳ್ಳುವರು. ಅವರಿಗೆ ಕಲಿಸುವ ನಾಯಕರೇ ತಮ್ಮತಮ್ಮೊಳಗೆ ಮುಖಗೊಟ್ಟು ಮಾತನಾಡದಿದ್ದರೆ ಮಕ್ಕಳು ಯಾವ ಪಾಠವನ್ನು ಕಲಿತಾರು? ಹಿರಿಯರ ಬಾಯಿಗಿಂತ ನಡತೆಯನ್ನೇ ಮಕ್ಕಳು ಬೇಗನೆ ಅನುಸರಿಸುವರೆಂಬುದು ಮನೆಯಲ್ಲಿ ನಾವೆಲ್ಲರೂ ಕಂಡ ಮಾತು.

ಗೃಹಸ್ಥರ ಪಾಲಿನ ಕರ್ತವ್ಯವೂ ಕೊಂಚವಿದೆ. ಈ ನಾಯಕರಲ್ಲಿ ಬಹುಮಂದಿ ಶಾಲೆಯ ಉಪಾಧ್ಯಾಯರು. ದಿನದ ಪಾಠವನ್ನು ಮುಗಿಸಿ ಉಳಿದ ಹೊತ್ತನ್ನು ನಮ್ಮ ಮಕ್ಕಳಿಗಾಗಿ ತೆರುವವರು. ವರ್ಷಕ್ಕೊಮ್ಮೆಯಾದರೂ ದಳದ ಕೂಟಕ್ಕೆ ಹೋಗಿರಿ. ನಾಯಕರ ಹೆಸರನ್ನು ತಿಳಿದುಕೊಳ್ಳಿರಿ. ನೆರೆಯ ದಳದವರೊಡನೆ ಅವರಿಗೆ ಹೊಂದಿಕೆಯಿದೆಯೇ ಎಂದು ನೋಡಿರಿ. ಇಲ್ಲವಾದರೆ ಇಬ್ಬರನ್ನೂ ಒಂದು ಸಂಜೆ ಮನೆಗೆ ಕರೆದು ಎದುರುಬದುರು ಕುಳ್ಳಿರಿಸಿ ಚಹವನ್ನು ಕೊಡಿರಿ. ದೊಡ್ಡ ಸಂಸ್ಥೆಗಳನ್ನು ಒಂದುಗೂಡಿಸಲು ದಿಲ್ಲಿಯವರಿಗೆ ವರ್ಷಗಳೇ ಹಿಡಿದುವು. ಎರಡೂರ ನಾಯಕರನ್ನು ಒಂದುಗೂಡಿಸಲು ನೆರೆಹೊರೆಯ ಒಂದು ಮಾತು ಸಾಕಾಗಬಹುದು.