ಹುಳಿ ಮೀರಿದ ಹಿಟ್ಟು

ಬೇಸಿಗೆ ಬಂತೆಂದರೆ ವಡಾಲ, ಮಾಟುಂಗಾ ಕಡೆಯ ಕನ್ನಡ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ರಾತ್ರಿ ಚೆನ್ನಾಗಿ ಉಬ್ಬಿದ್ದ ಇಡ್ಲಿಯ ಹಿಟ್ಟು ಬೆಳಗಾಗುವುದರೊಳಗೆ ಕುಸಿದು, ನೀರೊಡೆದು, ವಿಪರೀತ ಹುಳಿಯಾಗಿರುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಕಾರಣ ಒಂದೇ: ರುಬ್ಬಿದವಳ ಕೈಗುಣ. “ಅವಳ ಕೈಯೇ ಹುಳಿ ಕಣಮ್ಮ” ಎಂದು ಮೈಸೂರಿನಿಂದ ಬಂದ ಅತ್ತೆಯೊಬ್ಬರು ನೆರೆಯವರೆದುರಿಗೆ ಸೊಸೆಯನ್ನು ಕುರಿತು ಹೇಳಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಆ ಹುಡುಗಿ ಅಂದಿನಿಂದ ರುಬ್ಬುವುದನ್ನೇ ಬಿಟ್ಟು ಮಾಟುಂಗಾದ ಅಂಗಡಿಯ ಹಿಟ್ಟನ್ನು ತರುತ್ತಿದ್ದಾಳೆ. ಅತ್ತೆಯವರಿಗೆ ಈಗ ಅದೂ ಒಂದು ದೂರು. ಆದಕಾರಣ ಈ ಸಲದ ಪುಟವನ್ನು ಹಿಟ್ಟಿಗೇ ಮೀಸಲಿಟ್ಟಿದ್ದೇವೆ.

ಹಿಟ್ಟನ್ನು ಹುದುಗಿಸುವುದು ಯಾರ ಕೈಯೂ ಅಲ್ಲ. ಉದ್ದು ಅಕ್ಕಿಗಳ ಜೊತೆಯಲ್ಲೇ ಬರುವ ಲ್ಯುಕೊನೊಸ್ಟಾಕ್ ಎಂಬ ಸೂಕ್ಷ್ಮಜೀವಿ ಅದನ್ನು ಮುಖ್ಯವಾಗಿ ಉಬ್ಬಿಸುತ್ತದೆಂದು ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದ ವಿಜ್ಞಾನಿಗಳು 1965ರಲ್ಲಿ ತೋರಿಸಿಕೊಟ್ಟರು. ಅದು ಹೊರಬಿಡುವ ಅನಿಲವನ್ನು ಉದ್ದಿನ ಅಂಟು ಹಿಡಿದಿಟ್ಟುಕೊಳ್ಳುತ್ತದೆ. ಹೊತ್ತು ಮೀರಿದರೆ ಹುಳಿಯನ್ನು ಹೆಚ್ಚು ತಾಳಬಲ್ಲ ಬೇರೆ ಜೀವಿಗಳ ಕೈ ಮೇಲಾಗುತ್ತದೆ. ಹುಳಿ ಏರುತ್ತದೆ, ಅನಿಲ ತಪ್ಪಿಸಿಕೊಳ್ಳುತ್ತದೆ, ಹಿಟ್ಟು ಕುಸಿಯುತ್ತದೆ. ಸೆಖೆಯಲ್ಲಿ ಇದೆಲ್ಲ ಬೇಗ. ಮೇ ತಿಂಗಳಲ್ಲಿ ಮೈಸೂರಿನ ರಾತ್ರಿ 21-22 ಡಿಗ್ರಿಗೆ ತಣಿದರೆ ಮುಂಬಯಿಯದು 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಹನ್ನೆರಡು ಗಂಟೆ ಬೇಡುವ ಹಿಟ್ಟಿಗೆ ಇಲ್ಲಿ ಏಳೆಂಟು ಗಂಟೆ ಧಾರಾಳ. ಅತ್ತೆಯವರ ಲೆಕ್ಕ ಮೈಸೂರಿನದು, ಸೊಸೆ ರುಬ್ಬಿದ್ದು ವಡಾಲದಲ್ಲಿ.

ಬಿಯರು ತಯಾರಿಸುವವರಿಗೂ ಇಂಥದೇ ಪೇಚು ಉಂಟು. (ಮನೆಯಲ್ಲಿ ಪ್ರಯೋಗಕ್ಕೆ ಹೊರಡಬೇಡಿ. 1949ರ ಪಾನನಿರೋಧ ಕಾನೂನು ಇಂದಿಗೂ ಜಾರಿಯಲ್ಲಿದೆ, ನಾವೋ ಸರ್ಕಾರಿ ಗುಮಾಸ್ತರು!) ಹಾಲಿಗೆ ಲ್ಯಾಕ್ಟೋಮೀಟರು ಇರುವಂತೆ ಅವರಲ್ಲಿ ಹೈಡ್ರೋಮೀಟರು ಇರುತ್ತದೆ. ಹುದುಗುವಿಕೆ ಮುಗಿದಾಗ 1.010ರ ಸುಮಾರಿನಲ್ಲಿ ನಿಲ್ಲಬೇಕಾದದ್ದು ನೀರಿನ ಮಟ್ಟವಾದ 1.000ಕ್ಕೆ ಇಳಿದರೆ ಬಿಯರು ತೀರ ತೆಳುವಾಯಿತೆಂದು ಅರ್ಥ. ಆಗ ಅವರು ಮೊದಲು ಶಂಕಿಸುವುದು ಮಾಪಕವನ್ನು. 20 ಡಿಗ್ರಿಗೆ ಹೊಂದಿಸಿದ ಮಾಪಕವು 30 ಡಿಗ್ರಿಯ ದ್ರವದಲ್ಲಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಅನಂತರ ಮೊಳಕೆಯ ಧಾನ್ಯವನ್ನು ಎಷ್ಟು ಬಿಸಿಯ ನೀರಿನಲ್ಲಿ ನೆನೆಸಿದೆವೆಂದು ನೋಡುತ್ತಾರೆ, ಬಳಿಕ ಪಾತ್ರೆಯಲ್ಲಿ ಅನ್ಯ ಯೀಸ್ಟು ಸೇರಿತೋ ಎಂದು. ಷರಾ ಬರೆಯುವ ಮುನ್ನ ಕಡತ ತಿರುವಿಹಾಕುವ ಈ ಪದ್ಧತಿ ನಮಗೆ ಮೆಚ್ಚುಗೆಯಾಯಿತು. ಕೈಗುಣದ ಮಾತೇ ಅಲ್ಲಿಲ್ಲ.

ನಮ್ಮ ಹಿಟ್ಟಿನ ಕಡತ ಪಾತ್ರೆಯ ಒಳಗೋಡೆಯಲ್ಲೇ ಇದೆ. ಹಿಟ್ಟಿನ ಮಟ್ಟಕ್ಕಿಂತ ಮೇಲೆ ಒಣಗಿದ ಗೆರೆಯಿದ್ದರೆ ಅದು ಉಬ್ಬಿ ಇಳಿದಿದೆ: ಹೊತ್ತು ಹೆಚ್ಚಾಯಿತು. ಗೆರೆಯೂ ಇಲ್ಲ, ಹುಳಿಯೂ ಇಲ್ಲ, ಬರಿಯ ತೆಳುವೆಂದರೆ ರುಬ್ಬುವಾಗ ನೀರು ಜಾಸ್ತಿಯಾಗಿದೆ. ಹುಳಿ ಬಂದಿದೆ ಆದರೆ ಉಬ್ಬಲೇ ಇಲ್ಲವೆಂದರೆ ಉದ್ದು ಹಳತೇ ಎಂದು ವಿಚಾರಿಸಿ. ಅಂಟಿಲ್ಲದ ಉದ್ದಿನಲ್ಲಿ ಅನಿಲ ನಿಲ್ಲದು.

ಹೊತ್ತು ಹೆಚ್ಚಾಗುವುದು ಹೆಚ್ಚಾಗಿ ದುಡಿಯುವ ಹೆಂಗಸರ ಮನೆಯಲ್ಲಿ. ಬೆಳಿಗ್ಗೆ ರುಬ್ಬಿಟ್ಟು ರೈಲು ಹಿಡಿದವರು ಮರಳುವುದು ರಾತ್ರಿ ಎಂಟಕ್ಕೆ. ಅಂಥವರು ರುಬ್ಬಿದೊಡನೆ ಫ್ರಿಜ್ಜಿನಲ್ಲಿಟ್ಟು ಮಲಗುವ ಮುಂಚೆ ಹೊರಗಿಡಲಿ, ಇಲ್ಲವೆ ರಾತ್ರಿ ಹತ್ತಕ್ಕೆ ರುಬ್ಬಲಿ. ಮಿಕ್ಸಿ ಹಿಟ್ಟನ್ನು ಬಿಸಿಮಾಡುವುದರಿಂದ ತಣ್ಣೀರು ಹಾಕಿ ತಡೆತಡೆದು ತಿರುಗಿಸಬೇಕು. ಉಪ್ಪು ಹುದುಗುವಿಕೆಯನ್ನು ಕೊಂಚ ಹಿಡಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ರಾತ್ರಿಯೇ ಹಾಕಿ, ಚಳಿಗಾಲದಲ್ಲಿ ಬೆಳಿಗ್ಗೆ. ಹಳೆಯ ಹಿಟ್ಟು ಬೆರೆಸುವುದು ಇಲ್ಲಿಯ ಮೇ ತಿಂಗಳಿಗೆ ಬೇಡವೇ ಬೇಡ.

ಹುಳಿಯಾಗಿಹೋದದ್ದಕ್ಕೆ ಸೋಡಾ ಸುರಿದರೆ ಹುಳಿ ಅಡಗಿ ಸೋಡಾದ ರುಚಿ ಉಳಿಯುತ್ತದೆ. ಅದಕ್ಕಿಂತ ಸ್ವಲ್ಪ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಗುಳಿಯಲ್ಲಿ ಪಡ್ಡು ಮಾಡಿ. ಹುಳಿ ಅಲ್ಲಿ ಒಪ್ಪುತ್ತದೆ. ಗುಲಾಬಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಮಾತ್ರ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ಬೇಡ. ಪಾತ್ರೆಯಲ್ಲಿರುವಷ್ಟನ್ನೂ ಚೆಲ್ಲಿ, ಪಾತ್ರೆಗೆ ಕುದಿಯುವ ನೀರು ಹೊಯ್ದು ತೊಳೆಯಿರಿ.