ಗೈಡ್ ಜೊತೆ ಮನಸ್ತಾಪ: ಬಾಯಿ ಬಿಡಲು ಒಂದು ಜಾಗ ಬೇಕು

ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯ ಬಂದ ಮೇಲೆ ದೇವದುರ್ಗ, ಮಾನ್ವಿಯ ಮಕ್ಕಳಿಗೂ ಪಿಎಚ್.ಡಿ. ಹತ್ತಿರವಾಗಿದೆ. ನಿಮ್ಮ ಮನೆಯಲ್ಲೂ ಎಲ್ಲಾದರೂ ಸಂಶೋಧನೆ ಮಾಡುತ್ತಿರುವ ಮಗನೋ ಮಗಳೋ ಇದ್ದು, ನಿದ್ದೆ ಬಾರದೆ, ಊಟ ಸೇರದೆ ಸೊರಗುತ್ತಿದ್ದರೆ 'ಓದಿನ ಒತ್ತಡ' ಎಂದು ಸುಮ್ಮನಾಗಬೇಡಿ. ಮಾರ್ಗದರ್ಶಕರೊಂದಿಗಿನ ಮನಸ್ತಾಪವೂ ಕಾರಣವಿರಬಹುದು. ಪ್ರಬಂಧಕ್ಕೆ ಅವರ ಸಹಿ ಬೇಕು. ಹಾಗಾಗಿ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ. 'ಗುರುಗಳಿಗೆ ಎದುರಾಡಬೇಡ, ಹೊಂದಿಕೊಂಡು ಹೋಗು' ಎಂಬ ನಮ್ಮ ಬುದ್ಧಿಮಾತು ಆ ಬಾಯಿಗೆ ಇನ್ನೊಂದು ಬೀಗ.

ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು; ಮೇಲ್ಮನವಿಗೆ ಓಂಬುಡ್ಸ್‌ಪರ್ಸನ್ ಇರಬೇಕು. ಒಳ್ಳೆಯದೇ. ಆದರೆ ದೂರು ಕೊಟ್ಟ ಮರುದಿನವೂ ಅದೇ ಪ್ರಯೋಗಾಲಯಕ್ಕೆ ಹೋಗಬೇಕಲ್ಲ! ಆದ್ದರಿಂದ ದೂರಿಗೂ ಮೊದಲು ಗುಟ್ಟು ಕಾಯ್ದು ಕೇಳಿಸಿಕೊಳ್ಳುವ, ವಿದ್ಯಾರ್ಥಿ ಒಪ್ಪಿದರೆ ಮಾತ್ರ ಇಬ್ಬರನ್ನೂ ಕೂರಿಸಿ ಮಾತಾಡಿಸುವ, ಬೇರೆ ವಿಭಾಗದ ಹಿರಿಯರೊಬ್ಬರನ್ನು ಪ್ರತಿ ವಿಶ್ವವಿದ್ಯಾಲಯವೂ ನೇಮಿಸಬೇಕು. ಲೈಂಗಿಕ ಕಿರುಕುಳವಾದರೆ ಮಾತ್ರ ಈ ಸಂಧಾನ ಸಲ್ಲದು. ಅದು ಆಂತರಿಕ ದೂರು ಸಮಿತಿಗೇ ಹೋಗಬೇಕು.

ಮನಸ್ಸು ಕುಗ್ಗಿದ್ದರೆ ತಡಮಾಡದೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಂತೂ ಬುದ್ಧಿ ಹೇಳುವ ಮೊದಲು ಒಮ್ಮೆ ಪೂರ್ತಿ ಕೇಳಿಸಿಕೊಳ್ಳಿ.